ಬೆಂಕಿಯ ಊಟ

ನಿವೃತ್ತ ಮೇಷ್ಟ್ರು ಎವಾರಿಸ್ತೊ ಆ ಭಾನುವಾರ ವಿಧವೆ ಸೆಲ್ಮಿರಾಳ ಹಿತ್ತಲಿಗೆ ಬಂದದ್ದು ಸುಟ್ಟ ಮಾಂಸದ ಆಸೆಗಲ್ಲ. ತಕ್ವಾರೆಂಬೊ ಸೀಮೆಯ ಹೆಂಗಸರು ಮನಸ್ಸಿನ ಮಾತನ್ನು ಮಾಟೆ ಎಲೆಯ ಕಷಾಯದ ಸೋರೆಬುರುಡೆಯಲ್ಲೇ ಹೇಳಿ ಮುಗಿಸುತ್ತಾರೆ: ಜೇನು ಬೆರೆಸಿ ಕೊಟ್ಟರೆ ಒಪ್ಪಿಗೆ, ತಣ್ಣಗೆ ಕೊಟ್ಟರೆ ಬಾಗಿಲು ಆ ಕಡೆ. ಮೇಷ್ಟ್ರಿಗೆ ಇದುವರೆಗೆ ಸಿಕ್ಕಿದ್ದು ಬಿಸಿ ಮತ್ತು ಕಹಿ. ಅಂದರೆ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ತಮ್ಮ ಬಗ್ಗೆ ಅವರಿಗೆ ಭ್ರಮೆಯಿರಲಿಲ್ಲ. ಹೊಟ್ಟೆ ಮುಂದೆ, ಕೂದಲು ಹಿಂದೆ, ಬಾಯಿ ಎಲ್ಲಕ್ಕಿಂತ ಮುಂದೆ.

"ಬೇಗ ಬೆಂಕಿ ಹಚ್ಚಿ ಮೇಷ್ಟ್ರೇ, ಹೊಟ್ಟೆ ತಾಳ ಹಾಕ್ತಿದೆ," ಎಂದ ಸೆಲ್ಮಿರಾಳ ಅಣ್ಣ ಪೊನ್ಸಿಯಾನೊ. "ಬೆಂಕಿಪೊಟ್ಟಣ ಕೊಡ್ಲಾ?"

"ಈ ಗಾಳೀಲಿ ಬೆಂಕಿಪೊಟ್ಟಣವಾ?" ಮೇಷ್ಟ್ರು ಗತ್ತಿನಿಂದ ಅಜ್ಜನ ಯೆಸ್ಕೆರೊ ತೆಗೆದರು. ತತು ಎಂಬ ಚಿಪ್ಪಿನ ಪ್ರಾಣಿಯ ಬಾಲದ ಕೊಳವೆ, ಒಳಗೆ ಕರಿಕಾದ ಅರಿವೆ, ಕಿಡಿ ಆರಿಸಲು ಸರಪಳಿಯಲ್ಲಿ ತೂಗುವ ಮುಚ್ಚಳ. ಚಕಮಕಿ ಕಲ್ಲಿಗೆ ಉಕ್ಕು ತಾಗಿದ್ದೇ ತಡ, ಕಿಡಿ ಬಿದ್ದು ಅರಿವೆ ಕೆಂಪಾಯಿತು. ಒಣಹುಲ್ಲಿಗೆ ಹಿಡಿದು ಊದಿದ್ದರೆ ಮುಗಿದಿತ್ತು. ಅಷ್ಟರಲ್ಲಿ ಸೆಲ್ಮಿರಾ, "ಇದಕ್ಕೆ ಯೆಸ್ಕೆರೊ ಅಂತ ಯಾಕಂತಾರೆ?" ಎಂದುಬಿಟ್ಟಳು.

ಸರ್ವಿಸ್ಸಿನುದ್ದಕ್ಕೂ ಯಾವ ಹುಡುಗನೂ ಕೇಳದಿದ್ದ ಪ್ರಶ್ನೆ!

"ಕಿಡಿ ಹಿಡಿಯೋ ಅರಿವೆ ಯೆಸ್ಕಾ, ಅದನ್ನ ಇಟ್ಕೊಳ್ಳೋದು ಯೆಸ್ಕೆರೊ. ಯೆಸ್ಕಾ ಎಲ್ಲಿಂದ ಬಂತು? ಲ್ಯಾಟಿನ್ನಿನ ಎಸ್ಕಾದಿಂದ. ಎಸ್ಕಾ ಅಂದ್ರೆ ಊಟ! ಬೆಂಕಿಗೆ ಬಡಿಸೋ ಊಟ, ದೋನ್ಯಾ ಸೆಲ್ಮಿರಾ!"

ಅಲ್ಲಿಂದ ಮೇಷ್ಟ್ರು ರೋಮಿಗೆ ಹೋದರು, ರೋಮಿನಿಂದ ಸ್ಪೇನಿಗೆ. ಕಿಡಿಯ ಮೇಲೆ ಮುಚ್ಚಬೇಕಿದ್ದ ಮುಚ್ಚಳ ಅವರ ಕೈಯಲ್ಲಿ ಸೀಮೆಸುಣ್ಣವಾಗಿತ್ತು.

"ಮೇಷ್ಟ್ರೇ, ಹೊಗೆ..." ಎಂದ ಪೊನ್ಸಿಯಾನೊ.

"ತಡಿಯಪ್ಪ, ಪದ ಇನ್ನೂ ಹಡಗು ಹತ್ತಿಲ್ಲ."

ಹಡಗು ಮೊಂತೆವಿದೆಯೊ ತಲುಪುವಷ್ಟರಲ್ಲಿ ಕಾವು ಬೆರಳು ತಲುಪಿತು. "ಅಯ್ಯಯ್ಯೋ!" ಯೆಸ್ಕೆರೊ ನೆಲಕ್ಕೆ ಬಿತ್ತು. ಒಳಗೆ ಬರೀ ಬೂದಿ. ಬೆಂಕಿ ತನ್ನ ಊಟ ಮುಗಿಸಿ, ತಟ್ಟೆ ನೆಕ್ಕಿ, ಬಡಿಸಿದವನ ಕೈಗೇ ಬಾಯಿ ಹಾಕಿತ್ತು.

ಪೊನ್ಸಿಯಾನೊ ಬೇಲಿ ಹಿಡಿದುಕೊಂಡು ನಕ್ಕ. ಸೆಲ್ಮಿರಾ ಒಳಗಿನ ಒಲೆಯಿಂದ ಕೆಂಡ ತಂದು ಸೌದೆ ಹೊತ್ತಿಸಿದಳು; ಆಮೇಲೆ ಮಾಟೆ ತರಲು ಹೋದಳು. ತಣ್ಣಗೇ ಬರುತ್ತದೆ ಎಂದು ಮೇಷ್ಟ್ರು ಖಾತ್ರಿ ಮಾಡಿಕೊಂಡರು. ತಣ್ಣಗೆ ಅನ್ನುವ ಪದದ ಮೂಲ ಯಾವುದಿರಬಹುದು ಎಂದು ಯೋಚಿಸತೊಡಗಿ, ತಮಗೆ ತಾವೇ ಉಗಿದುಕೊಂಡರು.

ಮಾಟೆ ಬಿಸಿಯಾಗಿತ್ತು. ಕಹಿಯಾಗಿಯೂ ಇತ್ತು.

"ಕೈ ಕೊಡಿ ಇಲ್ಲಿ." ಸೆಲ್ಮಿರಾ ಜೇನಿನ ಕುಡಿಕೆ ತಂದಿದ್ದಳು. ಸುಟ್ಟ ಬೆರಳಿಗೆ ಮೆತ್ತಿದಳು.

ಜೇನು ಬೆರಳಿಗೆ ಬಿದ್ದರೆ ಸಂಪ್ರದಾಯದಲ್ಲಿ ಅದಕ್ಕೇನರ್ಥ? ಮೇಷ್ಟ್ರು ಬಾಯಿ ತೆರೆದರು.

"ಮುಚ್ಚಳ ಹಾಕಿ ಮೇಷ್ಟ್ರೇ," ಎಂದಳು ಸೆಲ್ಮಿರಾ. "ಮುಂದಿನ ಬುರುಡೆಗೂ ಒಂಚೂರು ಜೇನು ಉಳೀಲಿ."

ತಮ್ಮ ಬಾಯಿಯ ಮೇಲೆ ನಂಬಿಕೆಯಿಲ್ಲದ ಮೇಷ್ಟ್ರು ಆ ಬೆರಳನ್ನೇ ಅದರೊಳಗೆ ತುರುಕಿಕೊಂಡು ಕೂತರು.