ತಮ್ಮನ ಕತ್ತಿನ ಗುರುತು

ಫೋಟೋದಲ್ಲಿ ಜನ ತಮಗಿಂತ ಒಂದು ಕೈ ಮೇಲಾಗಿ ಕಾಣಬೇಕು, ಆದರೆ ಯಾರೋ ತಿದ್ದಿದ್ದಾರೆಂದು ಗೊತ್ತಾಗಬಾರದು. ಪೆನ್ಸಿಲಕ್ಕನ ಕಸುಬು ಇಷ್ಟೇ. ಅಪ್ಪನ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಒಡ್ಡಿದ ಇಳಿಜಾರು ಮೇಜಿನ ಮುಂದೆ ಕೂತು, ಗಾಜಿನ ನೆಗೆಟಿವ್‌ಗಳ ಮೇಲೆ ಚೂಪು ಪೆನ್ಸಿಲ್ ಆಡಿಸಿ ಊರವರ ಮೊಡವೆ, ಸುಕ್ಕು, ಕಣ್ಣಡಿಯ ಕಪ್ಪುಗಳನ್ನೆಲ್ಲ ಇಲ್ಲವಾಗಿಸುತ್ತ ಆಯುಸ್ಸು ಸವೆಸಿದವಳು. ಬರೀ ಫೋಟೋ ನೋಡಿ ಮದುವೆಗೆ ಒಪ್ಪಿದ ಗಂಡಸರು ಆಮೇಲೆ ಅವಳಿಗೆ ಹಿಡಿಶಾಪ ಹಾಕಿದ್ದೂ ಉಂಟು.

ಪೆನ್ಸಿಲ್‌ಗೆ ಬಗ್ಗದ ಕೆಲಸಕ್ಕೆ ಅವಳ ಹತ್ತಿರ ಒಂದು ಪುಟ್ಟ ಚಾಕು ಇತ್ತು. ಚರ್ಮದ ಮೇಲೆ ಮಿರುಗುವ ಗುರುತು ನೆಗೆಟಿವ್‌ನಲ್ಲಿ ಕಪ್ಪಗೆ ಮೂಡುತ್ತದೆ. ಅದನ್ನು ಉಸಿರು ಬಿಗಿಹಿಡಿದು ಹಗುರವಾಗಿ ಕೆರೆದು ತೆಗೆಯಬೇಕು. ಪೆನ್ಸಿಲ್ ಗೀಟುಗಳು ಬೇಡವೆನಿಸಿದರೆ ಹತ್ತಿಗೆ ಟರ್ಪೆಂಟೈನ್ ಹಚ್ಚಿ ಒರೆಸಬಹುದು. ಕೆರೆದದ್ದು ಮಾತ್ರ ಹೋಯಿತೆಂದರೆ ಹೋಯಿತು.

ಅವಳ ತಮ್ಮ ಯುದ್ಧಕ್ಕೆ ಹೋಗಿ ಬಂದವನು. ಊರು ಅವನಿಗೆ ಇಟ್ಟ ಹೆಸರು ಗೋದಾಮು ಸಿಪಾಯಿ. ಯುದ್ಧ ಮುಗಿಯುವ ತನಕ ಸೈನ್ಯದ ಗೋದಾಮಿನಲ್ಲಿ ಕಂಬಳಿ ಎಣಿಸಿಕೊಂಡು ಹಾಯಾಗಿದ್ದನಂತೆ ಎಂದು ಯಾವನೋ ಮಹಾನುಭಾವ ಹಬ್ಬಿಸಿದ, ಉಳಿದವರು ನಂಬಿದರು. ಕ್ಷೌರದ ಅಂಗಡಿಯಲ್ಲಿ ಕೂತವರು "ಏನ್ ಸಿಪಾಯಿ, ಕಂಬಳಿ ಲೆಕ್ಕ ಸರಿಹೋಯ್ತಾ?" ಎಂದು ಛೇಡಿಸಿದರೆ ಅವನು ನಕ್ಕು ಸುಮ್ಮನಾಗುತ್ತಿದ್ದ. ಎದುರು ಮಾತಾಡಿದವನೇ ಅಲ್ಲ. ಉರಿಬೇಸಿಗೆಯಲ್ಲೂ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಓಡಾಡಿ, ಹೋದ ಚಳಿಗಾಲದಲ್ಲಿ ತೀರಿಕೊಂಡ.

ತನ್ನ ಅಪ್ಪ ಏನಾಗಿದ್ದ ಎಂದು ತಮ್ಮನ ಮಗಳು ಹುಡುಕಲು ಹೊರಟದ್ದು ಅವನು ಹೋದ ಮೇಲೆ. ಬದುಕಿದ್ದಾಗ ಕೇಳಬಾರದಿತ್ತೇ ಎಂದು ಅವಳನ್ನು ಅನ್ನುವುದು ಸುಲಭ. ನಾವೇನು ಕೇಳಿದ್ದೇವೆ? ಆಕೆ ನರ್ಸು. ದಿನ ಬೆಳಗಾದರೆ ಗುರುತು ಪರಿಚಯ ಇಲ್ಲದವರನ್ನು ಎಲ್ಲಿ ನೋವು, ಎಷ್ಟು ದಿನದಿಂದ ಎಂದು ಕೇಳುವವಳು. ಮನೆಯಲ್ಲಿ ಮಫ್ಲರ್ ಸುತ್ತಿಕೊಂಡು ಪೇಪರ್ ಓದುತ್ತಿದ್ದವನನ್ನು ಮಾತ್ರ ಕೇಳಲಿಲ್ಲ.

ಊರೂರು ಅಲೆದು ಕೊನೆಗೆ ಅಪ್ಪನ ದಳದ ಒಬ್ಬ ಲಾರಿ ಡ್ರೈವರನ್ನು ಪತ್ತೆ ಹಚ್ಚಿದಳು. ಹಾಸಿಗೆ ಹಿಡಿದಿದ್ದ ಮುದುಕ. "ನಿಮ್ಮಪ್ಪ ಸೇತುವೆ ಹತ್ರ ಇದ್ದ. ಗುಂಡು ಸಿಡಿದು ಚೂರು ಬಂದು ಕಿವಿ ಕೆಳಗೆ ಹೊಡೀತು. ನನ್ ಲಾರೀಲೇ ಹಾಕ್ಕೊಂಡು ಬಂದೆ. ದಾರಿ ಪೂರ್ತಿ ಅವನು ಅಕ್ಕಾ ಅಕ್ಕಾ ಅಂತಿದ್ದ" ಎಂದಿದ್ದ. ಹಳೆಯ ಸೈನಿಕ ಶಿಬಿರದ ಮುಂದೆ ಈಗ ಒಂದು ಕಲ್ಲು ನಿಲ್ಲಿಸುತ್ತಿದ್ದರು, ಸೇತುವೆ ಕಾದವರ ಹೆಸರು ಕೆತ್ತಿಸಲು. ಅಪ್ಪನ ಹೆಸರೂ ಅಲ್ಲಿ ಬರಬೇಕೆಂದು ಮಗಳು ಶಿಬಿರದ ಆಫೀಸಿಗೆ ಹೋದಳು. ಅಲ್ಲಿಯ ಗುಮಾಸ್ತ ಕೆಟ್ಟವನಲ್ಲ, ಕುರ್ಚಿ ಕೊಟ್ಟು ಕೂರಿಸಿ ಮಾತಾಡಿಸಿದ.

"ಆ ವರ್ಷದ ಕಡತಗಳೆಲ್ಲ ಗೆದ್ದಲಿನ ಹೊಟ್ಟೆ ಸೇರಿವೆಯಮ್ಮ. ಇನ್ನು ಆ ಡ್ರೈವರ್ ಯಜಮಾನರ ಮಾತು ನಂಬೋದು ಹೇಗೆ? ಮೊನ್ನೆ ಮನೆಗೆ ಹೋದ್ರೆ ನನ್ನನ್ನೇ ಕರ್ನಲ್ ಅಂದ್ಕೊಂಡು ಮಲಗಿದ್ದಲ್ಲೇ ಸಲ್ಯೂಟ್ ಹೊಡೆದ್ರು. ಯುದ್ಧ ಮುಗಿದ ಹೊಸದರಲ್ಲಿ ತೆಗೆಸಿದ ಫೋಟೋ ಇದ್ರೆ ತನ್ನಿ. ಗಾಯ ಕಂಡ್ರೆ ಸಾಕು, ನಾನೇ ಮುಂದೆ ನಿಂತು ಹೆಸರು ಹಾಕಿಸ್ತೀನಿ."

ಹೀಗೆ ತಮ್ಮನ ಮಗಳು ಪೆನ್ಸಿಲಕ್ಕನ ಮನೆಗೆ ಬಂದಳು. ಅಂಥ ಫೋಟೋ ಒಂದೇ ಒಂದು ಇತ್ತು, ಪೆನ್ಸಿಲಕ್ಕನ ಗೋಡೆಯ ಮೇಲೆ. ಸಮವಸ್ತ್ರ ತೊಟ್ಟ ಹುಡುಗ, ಕತ್ತು ಬೆಣ್ಣೆಯ ಹಾಗೆ ನುಣ್ಣಗೆ.

"ಅತ್ತೆ, ಇದನ್ನ ತಿದ್ದಿದ್ದು ನೀವೇ ಅಂತ ಗೊತ್ತು. ಪೆನ್ಸಿಲ್ ಅಳಿಸಿದ್ರೆ ಕೆಳಗಡೆ ಇದ್ದದ್ದು ಬರುತ್ತೆ ಅಂತ ನೀವೇ ಹೇಳ್ತಿದ್ರಿ."

ತಮ್ಮ ಯುದ್ಧ ಮುಗಿಸಿ ಊರಿಗೆ ಬಂದ ದಿನ ಪೆನ್ಸಿಲಕ್ಕನ ಕಣ್ಣ ಮುಂದೆ ಬಂತು. ಮಫ್ಲರ್ ಸುತ್ತಿಕೊಂಡೇ ಸ್ಟುಡಿಯೋ ಹೊಕ್ಕು, "ಅಪ್ಪಾ, ಮಫ್ಲರ್ ಬಿಚ್ಚಿ ನಿಲ್ತೀನಿ, ಒಂದು ಫೋಟೋ ತೆಗಿ" ಎಂದಿದ್ದ. ಅವಳು ಆಗ ಒಳಗೆ ಕತ್ತಲೆ ಕೋಣೆಯಲ್ಲಿದ್ದಳು, ಮಾತಷ್ಟೇ ಕೇಳಿಸಿತ್ತು. ಏನಾಗಿದೆಯೆಂದು ಮೊದಲು ಕಂಡದ್ದು ತೊಳೆದು ಒಣಗಿಸಿದ ಗಾಜಿನ ಮೇಲೆ. ಕೂತಲ್ಲೇ ಅತ್ತಳು. ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ, ಮುಂದೆ ಬಾಳಿ ಬದುಕಬೇಕಾದವನು, ಇದನ್ನು ಹೊತ್ತುಕೊಂಡು ಹೇಗೆ ತಲೆಯೆತ್ತುತ್ತಾನೆ ಎಂದುಕೊಂಡಳು. ಅವನನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ. ಗಿರಾಕಿಗಳನ್ನು ಯಾವತ್ತು ಕೇಳಿದ್ದಳು? ಎಲ್ಲರೂ ಅದಕ್ಕೇ ಬರುವವರು. ಊಟಕ್ಕೂ ಏಳದೆ ಕೆಲಸ ಮುಗಿಸಿದಳು. ಫೋಟೋ ಕೈಗೆ ಕೊಟ್ಟಾಗ ತಮ್ಮ ಬಹಳ ಹೊತ್ತು ನೋಡಿದ, "ಚೆನ್ನಾಗಿದೆ ಅಕ್ಕ" ಎಂದ, ಅದನ್ನು ಮೇಜಿನ ಮೇಲೆಯೇ ಬಿಟ್ಟು ಮಫ್ಲರ್ ಸುತ್ತಿಕೊಂಡು ಹೊರಗೆ ಹೋದ. ಆಮೇಲೆ ಅವಳೆದುರು ಅದನ್ನು ಬಿಚ್ಚಿದ್ದೇ ಇಲ್ಲ. ಫೋಟೋದವರ ಮನೆಯ ಮಗ ಮತ್ತೆ ಕ್ಯಾಮೆರಾದ ಮುಂದೆ ನಿಲ್ಲಲಿಲ್ಲ. ಮನೆಯವರ ಫೋಟೋ ತೆಗೆಯುವಾಗ ದೀಪ ಹಿಡಿಯುವ ಕೆಲಸ ಅವನೇ ಕೇಳಿ ಪಡೆಯುತ್ತಿದ್ದ.

"ಪೆನ್ಸಿಲ್ ಅಳಿಸಬಹುದು ಕಣೆ. ಆದ್ರೆ ಗಾಯಕ್ಕೆ ಚಾಕು ಹಾಕಿದ್ದೀನಿ" ಎಂದಳು ಪೆನ್ಸಿಲಕ್ಕ.

ಆದರೂ ಇಬ್ಬರೂ ಕೂತು ನೋಡಿಯೇ ಬಿಡೋಣವೆಂದರು. ಮನುಷ್ಯರ ಆಸೆ ಹಾಗೆ. ಪೆಟ್ಟಿಗೆಯಿಂದ ಗಾಜನ್ನು ತೆಗೆದು ಹತ್ತಿಯಲ್ಲಿ ಮೆಲ್ಲಗೆ ಒರೆಸಿದರು. ಸ್ಟುಡಿಯೋ ಈಗ ನಡೆಸುತ್ತಿದ್ದವನ ಹತ್ತಿರ ಹೊಸ ಪ್ರಿಂಟು ಹಾಕಿಸಿ ತಂದರು. ಕಣ್ಣಡಿಯ ಕಪ್ಪು ಬಂದಿತ್ತು. ಕೆನ್ನೆಯ ಗುಳಿ, ಹಣೆಯ ಗೆರೆ, ತುಟಿಯ ಪಕ್ಕದ ಬಿಗಿ, ಎಲ್ಲ ಬಂದಿತ್ತು. ಇಪ್ಪತ್ತರ ಹುಡುಗನ ಸಮವಸ್ತ್ರದಲ್ಲಿ ಯಾರೋ ದಣಿದ ಯಜಮಾನ ನಿಂತಿದ್ದ. ಕತ್ತು ಮಾತ್ರ ಹಾಗೆಯೇ ನುಣ್ಣಗಿತ್ತು. ಎಲ್ಲಿ ಕೆರೆದದ್ದೆಂದು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೂ ತಿಳಿಯದಷ್ಟು ಅಚ್ಚುಕಟ್ಟು ಕೆಲಸ. ಪೆನ್ಸಿಲಕ್ಕ ಪ್ರಿಂಟನ್ನು ತನ್ನಿಂದ ದೂರ ಸರಿಸಿದಳು.

ತಮ್ಮನ ಮಗಳು ಅದನ್ನು ಮತ್ತೆ ಅವಳ ಮುಂದಿಟ್ಟು ಕೇಳಿದಳು. "ಅತ್ತೆ, ನೀವೇ ಮತ್ತೆ ಬರೆದುಬಿಡಿ. ಇದ್ದದ್ದನ್ನೇ ತಾನೆ? ಗಾಜಿನ ಮೇಲೆ ಬರೆಯೋಕಾಗುತ್ತಾ?"

"ಕೆರೆದ ಜಾಗದಲ್ಲಿ ಪೆನ್ಸಿಲ್ ನಿಲ್ಲಲ್ಲ. ಈ ಪ್ರಿಂಟಿನ ಮೇಲೇ ಬರೀಬೇಕು. ಬರೆದು, ಅದರದ್ದೇ ಫೋಟೋ ತೆಗೆಸಿದ್ರೆ ಆ ಗುಮಾಸ್ತನಿಗಿರಲಿ, ಅವರಪ್ಪನಿಗೂ ಗೊತ್ತಾಗಲ್ಲ."

"ತಪ್ಪಲ್ವಾ?"

"ಅವತ್ತು ನಿಜ ಅಳಿಸಿದಾಗ ಯಾರೂ ತಪ್ಪು ಅನ್ನಲಿಲ್ಲ. ಇವತ್ತು ನಿಜ ಬರೆದ್ರೆ ತಪ್ಪಾ? ಅವನು ಗಾಯ ಬೇಕು ಅಂತಾನೇ ಫೋಟೋ ತೆಗೆಸಿದ್ದ. ಅಷ್ಟಾದ್ರೂ ಅವನಿಗೆ ವಾಪಸ್ ಕೊಡ್ತೀನಿ."

ಇಷ್ಟು ವರ್ಷದಲ್ಲಿ ಪೆನ್ಸಿಲಕ್ಕ ಯಾವ ಕೆಲಸಕ್ಕೂ ಇಷ್ಟು ಆಸೆಪಟ್ಟು ಕೂತಿರಲಿಲ್ಲ. ತೀರಾ ಸಣ್ಣ ಬ್ರಷ್ಷು, ತೆಳ್ಳಗೆ ಕಲಸಿದ ಬಿಳಿ, ಅದಕ್ಕೆ ಒಂದು ತೊಟ್ಟು ಕಪ್ಪು. ಕಾಗದದ ಮೂಲೆಯಲ್ಲಿ ಬಣ್ಣ ಹದ ನೋಡಿದಳು. ಗಾಯದ ಒಂದೊಂದು ತಿರುವೂ ಅವಳಿಗೆ ನೆನಪಿತ್ತು: ಕಿವಿಯ ಕೆಳಗೆ ಸಣ್ಣಗೆ ಶುರುವಾಗಿ, ನಡುವೆ ಅಗಲವಾಗಿ, ಕಾಲರಿನ ಹತ್ತಿರ ಕವಲೊಡೆದದ್ದು. ಫೋಟೋದಲ್ಲಿ ತಮ್ಮ ನೇರ ಎದುರು ನೋಡುತ್ತಿದ್ದ, ಕತ್ತಿನ ಎರಡು ಬದಿಯೂ ಕಾಣುತ್ತಿದ್ದವು. ಅವಳು ಹಿಂದುಮುಂದು ನೋಡದೆ ಒಂದು ಕಿವಿಯ ಕೆಳಗೆ ಬ್ರಷ್ಷು ಇಟ್ಟಳು.

ತಮ್ಮನ ಮಗಳು ಬಗ್ಗಿ ನೋಡಿದಳು. ಅವಳ ಕೈ ಬಂದು ಅತ್ತೆಯ ಮಣಿಕಟ್ಟನ್ನು ಹಿಡಿಯಿತು.

"ಅತ್ತೆ, ಆ ಕಡೆ ಅಲ್ಲ."

"ಇದೇ ಕಡೆ ಕಣೆ. ನಂಗೆ ಹೇಳ್ಕೊಡ್ತೀಯಾ?"

"ಕೊನೇ ಸಲ ಅಪ್ಪನ ಮೈ ಒರೆಸಿದ್ದು ನಾನು. ಎಡಗಡೆ ಇತ್ತು, ಅತ್ತೆ. ನೀವು ಅಪ್ಪನ ಬಲಗಡೆ ಬರೀತಿದ್ದೀರಿ."

ಪೆನ್ಸಿಲಕ್ಕ ಬ್ರಷ್ಷು ಕೆಳಗಿಟ್ಟಳು. ಗಾಜಿನ ಮೇಲೆ ಕೈಯಾಡಿಸುವಾಗ ಅದರ ಚಿತ್ರ ಮೂಡಿದ ಲೇಪದ ಮಗ್ಗುಲನ್ನು ಮೇಲೆ ಮಾಡಿ ಇಟ್ಟುಕೊಳ್ಳಬೇಕು. ಆಗ ಕನ್ನಡಿಯಲ್ಲಿ ಕಂಡ ಹಾಗೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಕಾಣುತ್ತದೆ. ಅದು ಅವಳಿಗೆ ಹೊಸದೇನಲ್ಲ. ಎಷ್ಟೋ ಮುಖಗಳನ್ನು ಯೋಚಿಸದೆಯೇ ಮನಸ್ಸಿನಲ್ಲಿ ಮಗುಚಿಕೊಂಡವಳು. ಆದರೆ ಈ ಸಲ ಮಗುಚಬೇಕೆಂದು ಅನ್ನಿಸಿರಲೇ ಇಲ್ಲ, ಯಾಕೆಂದರೆ ಗಾಜನ್ನಲ್ಲ, ತಮ್ಮನನ್ನೇ ನೆನೆದು ಬರೆಯುತ್ತಿದ್ದೇನೆ ಎಂದುಕೊಂಡಿದ್ದಳು. ಅವಳು ತಮ್ಮನ ಗಾಯವನ್ನು ತಮ್ಮನ ಮೈಮೇಲೆ ಒಂದು ದಿನವೂ ನೋಡಿರಲಿಲ್ಲ. ತೋರಿಸು ಎನ್ನಲಿಲ್ಲ, ನೋಯುತ್ತದಾ ಎಂದು ಕೇಳಲಿಲ್ಲ. ಅವಳು ಕಂಡದ್ದು, ಅತ್ತದ್ದು, ಕೆರೆದದ್ದು ಎಲ್ಲ ಗಾಜಿನ ಮೇಲೆ.

"ಎಡಗಡೆ ಬರೀಲಾ?" ಎಂದು ಕೇಳಿದಳು.

ತಮ್ಮನ ಮಗಳು ಪ್ರಿಂಟನ್ನು ಮೇಜಿನಿಂದ ಎತ್ತಿಕೊಂಡಳು. ಬಲ ಕಿವಿಯ ಕೆಳಗೆ ಬಿದ್ದಿದ್ದ ಹಸಿ ಬಣ್ಣವನ್ನು ಸೆರಗಿನ ಚುಂಗಿನಿಂದ ಒತ್ತಿ ತೆಗೆದಳು. ದಣಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿದಳು.

"ಬೇಡ ಅತ್ತೆ. ಗುಮಾಸ್ತರಿಗೆ ಫೋಟೋ ಇಲ್ಲ ಅಂತ ಹೇಳ್ತೀನಿ. ಇದು ನಮ್ಮನೇಲಿರಲಿ."

"ಕಲ್ಲಿನ ಮೇಲೆ ಹೆಸರು?"

"ಬರಲ್ಲ."

ಅವಳು ಚಪ್ಪಲಿ ಮೆಟ್ಟಿ ಬಾಗಿಲ ಹತ್ತಿರ ಹೋದ ಮೇಲೆ ಪೆನ್ಸಿಲಕ್ಕ ತಡೆಯಲಾರದೆ ಕೇಳಿಬಿಟ್ಟಳು. "ನಿಮ್ಮಪ್ಪ ಆ ಫೋಟೋ ಬಗ್ಗೆ ಯಾವತ್ತಾದ್ರೂ ಏನಾದ್ರೂ ಅಂದಿದ್ನಾ?"

ತಮ್ಮನ ಮಗಳು ತಿರುಗಿ ನೋಡಿದಳು. ಸುಳ್ಳು ಹೇಳಲೋ ಬೇಡವೋ ಎಂದು ಯೋಚಿಸಿದಂತಿತ್ತು.

"ಒಂದೇ ಸಲ. ಊರವರು ಗೋದಾಮು ಸಿಪಾಯಿ ಅಂತ ಆಡ್ಕೊಳ್ಳೋವಾಗ ನೀವ್ಯಾಕೆ ಸುಮ್ನಿರ್ತೀರಿ, ಗಾಯ ತೋರಿಸಿ ಅಂತ ಅಮ್ಮ ರೇಗಿದ್ರು. ಅದಕ್ಕೆ ಅಪ್ಪ, ನಮ್ಮಕ್ಕನಿಗೇ ನೋಡೋಕಾಗಲಿಲ್ಲ, ಇನ್ನು ಊರವರಿಗೆ ಏನು ತೋರಿಸಲಿ ಅಂದ್ರು."