ಕಂಪ್ಯೂಟರಿನೊಳಗಿನ ಅತ್ತೆ

ಎಂಟು ಹೊಸ ಕಂಪ್ಯೂಟರುಗಳು ರಟ್ಟಿನ ಪೆಟ್ಟಿಗೆಗಳಲ್ಲೇ ಕಾಲೇಜಿನ ಕಾರಿಡಾರಿನಲ್ಲಿ ಕೂತು ಎರಡು ವಾರವಾಗಿತ್ತು. ಅವನ್ನು ಒಂದಕ್ಕೊಂದು ಜೋಡಿಸಿ, ಎಂಟೂ ಸೇರಿ ಒಂದೇ ದೊಡ್ಡ ಕೆಲಸವನ್ನು ಹಂಚಿಕೊಂಡು ಮಾಡುವಂತೆ ಸಜ್ಜುಗೊಳಿಸಬೇಕಿತ್ತು. ಇದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಆ ಕೆಲಸ ನನಗೇ ಕೊಡಿ ಎಂದು ಮುಖ್ಯಸ್ಥರ ಕೋಣೆಗೆ ಹೋಗಿ ನಿಂತವಳು ಲ್ಯಾಬಕ್ಕ.

ಹನ್ನೊಂದು ವರ್ಷದಿಂದ ಅವಳು ಅಲ್ಲಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿ. ಮೌಸ್ ಕೆಟ್ಟರೆ ಲ್ಯಾಬಕ್ಕ, ಪ್ರಿಂಟರು ಕಾಗದ ನುಂಗಿದರೆ ಲ್ಯಾಬಕ್ಕ. ಹೊಸದೇನಾದರೂ ಬಂದರೆ ಮಾತ್ರ ಇಸ್ತ್ರಿ ಮಾಡಿದ ಅಂಗಿಯ ಯಾರೋ ಹೊರಗಿನವರು. ಇದು ಯಾವ ಸೀಮೆಯ ನ್ಯಾಯವೋ ಗೊತ್ತಿಲ್ಲ. ವಿಭಾಗದ ಮುಖ್ಯಸ್ಥರು ಕೆಟ್ಟವರಲ್ಲ, ಅಳೆದೂ ಸುರಿದೂ ನೋಡುವವರು. ಸೋಮವಾರ ಮಧ್ಯಾಹ್ನ ಒಂದು ಕಂಪನಿಯವರನ್ನು ಕರೆಸಿದ್ದೇನೆ ಎಂದರು. ಅದಕ್ಕೆ ಮೊದಲು, ಶುಕ್ರವಾರ ಹನ್ನೊಂದಕ್ಕೆ, ಕ್ಲಸ್ಟರ್ ಒಂದನ್ನು ಓಡಿಸಿ ತೋರಿಸಿದರೆ ನೋಡೋಣ. ನಡುವೆ ಒಂದು ಮಷೀನು ಕೈಕೊಟ್ಟರೂ ಕೆಲಸ ನಿಲ್ಲಬಾರದು. ಪೆಟ್ಟಿಗೆಗಳನ್ನು ಮಾತ್ರ ಈಗಲೇ ಬಿಚ್ಚುವಂತಿಲ್ಲ.

ಕಂಪ್ಯೂಟರುಗಳೇ ಇಲ್ಲದೆ ಕ್ಲಸ್ಟರ್ ತೋರಿಸುವುದು ಹೇಗೆ ಎಂದು ಬೇರೆಯವರಾದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಲ್ಯಾಬಕ್ಕ ಮನೆಗೆ ಬಂದು ತನ್ನ ಹಳೆಯ ಕಂಪ್ಯೂಟರಿನ ಧೂಳು ಕೊಡವಿದಳು. ಅದರೊಳಗೆ ನಾಲ್ಕು ವರ್ಚುವಲ್ ಮಷೀನುಗಳನ್ನು ಹುಟ್ಟಿಸಿದಳು. ಅಂದರೆ, ಹೊರಗೆ ಡಬ್ಬ ಒಂದೇ. ಒಳಗೆ ನಾಲ್ಕು ಕಂಪ್ಯೂಟರುಗಳು, ಪ್ರತಿಯೊಂದಕ್ಕೂ ತಾನು ಬೇರೆ ಮನೆ ಮಾಡಿಕೊಂಡಿದ್ದೇನೆ ಎಂಬ ಭ್ರಮೆ. ಕೆಲಸ ಹಂಚುವ ಮಷೀನಿಗೆ ‘ಅತ್ತೆ’ ಎಂದು ಹೆಸರಿಟ್ಟಳು. ಹಂಚಿದ್ದನ್ನು ಮಾಡುವ ಮೂರು ಮಷೀನುಗಳು ಒಂದನೇ ಸೊಸೆ, ಎರಡನೇ ಸೊಸೆ, ಮೂರನೇ ಸೊಸೆ.

ಮೊದಲು ಎಡವಟ್ಟಾಯಿತು. ಒಬ್ಬ ಸೊಸೆಯನ್ನು ತಯಾರು ಮಾಡಿ ಉಳಿದಿಬ್ಬರನ್ನು ಅವಳಿಂದಲೇ ನಕಲು ಮಾಡಿದ್ದರಿಂದ ಮೂವರಿಗೂ ನೆಟ್‌ವರ್ಕಿನಲ್ಲಿ ಒಂದೇ ವಿಳಾಸ ಅಂಟಿಕೊಂಡಿತ್ತು. ಅತ್ತೆಯ ಕಣ್ಣಿಗೆ ಯಾವಾಗ ನೋಡಿದರೂ ಒಬ್ಬಳೇ ಸೊಸೆ. ಕಾರಣ ಹುಡುಕುವುದರಲ್ಲಿ ಎರಡು ದಿನ ಹೋಯಿತು. ಒಬ್ಬೊಬ್ಬರಿಗೂ ಬೇರೆ ವಿಳಾಸ ಕೊಟ್ಟ ಮೇಲೆ ಸಂಸಾರ ಒಂದು ದಾರಿಗೆ ಬಂತು.

ಶುಕ್ರವಾರ ಆ ಹಳೆಯ ಕಂಪ್ಯೂಟರನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಮುಖ್ಯಸ್ಥರ ಮೇಜಿನ ಮೇಲಿಟ್ಟಳು. ಊರಿನ ನಲವತ್ತು ವರ್ಷದ ಬಿಸಿಲಿನ ಅಂಕಿಗಳನ್ನು ಲೆಕ್ಕ ಹಾಕಲು ಅತ್ತೆಗೆ ಕೊಟ್ಟಳು. ಅತ್ತೆ ಪಾಲು ಮಾಡಿದಳು, ಸೊಸೆಯರು ಕೆಲಸಕ್ಕೆ ಕೂತರು. ಎರಡನೇ ಸೊಸೆಯನ್ನು ಲ್ಯಾಬಕ್ಕ ನಡುವೆಯೇ ಆಫ್ ಮಾಡಿದಳು. ಅವಳ ಪಾಲನ್ನು ಅತ್ತೆ ಉಳಿದಿಬ್ಬರಿಗೆ ಹಂಚಿದಳು, ಕೆಲಸ ಸಾಗಿತು. ಲ್ಯಾಬಕ್ಕನ ಮುಖ ಅರಳಿತು.

ಆಗ ಮುಖ್ಯಸ್ಥರ ಬೆರಳು ಅತ್ತೆಯ ಕಡೆ ತಿರುಗಿತು. ಇದನ್ನು ಆಫ್ ಮಾಡಿ ಎಂದರು.

ಮಾಡಿದಳು. ಸೊಸೆಯರು ಕೈಯಲ್ಲಿದ್ದುದನ್ನು ಮುಗಿಸಿ ಸುಮ್ಮನೆ ಕೂತುಬಿಟ್ಟರು. ಮುಂದಿನದನ್ನು ಕೇಳೋಣವೆಂದರೆ ಯಾರನ್ನು ಕೇಳುವುದು? ಪರದೆ ಹಾಗೇ ನಿಂತಿತು.

"ಇದು ನಿಂತ್ರೆ ಎಲ್ಲಾ ನಿಲ್ಲುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಅತ್ತೆನೇ ಆಫ್ ಆಗ್ತಾರೆ ಅಂತ ನನಗೆ ಹೊಳೀಲೇ ಇಲ್ಲ ಸರ್."

ಹೊಳೆಯುವುದಾದರೂ ಹೇಗೆ? ಅವಳು ಮದುವೆಯಾಗಿ ಬಂದ ಹದಿಮೂರು ವರ್ಷದಲ್ಲಿ ಅವಳ ಅತ್ತೆ ಒಂದು ದಿನವೂ ಮನೆ ಬಿಟ್ಟಿದ್ದಿಲ್ಲ, ಹಗಲಲ್ಲಿ ಮಲಗಿದ್ದೂ ಇಲ್ಲ. ಮುಖ್ಯಸ್ಥರು ಗಡಿಯಾರ ನೋಡಿ, ಸೋಮವಾರ ಹನ್ನೊಂದಕ್ಕೆ ಇನ್ನೊಂದು ಸಲ ನೋಡುತ್ತೇನೆ, ಹನ್ನೆರಡಕ್ಕೆ ಕಂಪನಿಯವರು ಬರುತ್ತಾರೆ ಎಂದಷ್ಟೇ ಹೇಳಿದರು.

ಶನಿವಾರ ಮಧ್ಯಾಹ್ನ ಅವಳು ಕಂಪ್ಯೂಟರಿನ ಮುಂದೆ ಮುಖ ಊದಿಸಿಕೊಂಡು ಕೂತಿದ್ದಾಗ ಅತ್ತೆ ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದರು. ಏನಾಯಿತೆಂದು ಕೇಳಿದರು. ಮಷೀನಿಗೆ ಅವರ ಹೆಸರಿಟ್ಟಿದ್ದನ್ನು ಹೇಳಲು ಅವಳಿಗೆ ನಾಚಿಕೆಯಾಯಿತು, ಆದರೂ ಹೇಳಿದಳು. ಅವರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ, ಯಾರಿಗೆ ಯಾವ ಕೆಲಸ ಹೇಳಿದೆ, ಎಷ್ಟು ಮುಗಿಯಿತು ಎನ್ನುವುದು ಆ ಅತ್ತೆಯನ್ನು ಬಿಟ್ಟು ಇನ್ಯಾರಿಗೆ ಗೊತ್ತು ಎಂದು ಕೇಳಿದರು. ಯಾರಿಗೂ ಇಲ್ಲ ಎಂದಳು ಲ್ಯಾಬಕ್ಕ. ಹಾಗಾದರೆ ನಿನ್ನ ಅತ್ತೆ ದಡ್ಡಿ ಎಂದು ಅವರು ತೀರ್ಪು ಕೊಟ್ಟರು.

"ನಾನು ದೊಡ್ಡೋಳಿಗೆ ದಿನಾ ಸಂಜೆ ಎಲ್ಲಾ ಹೇಳಿ ಇಟ್ಟಿರ್ತೀನಿ. ಗ್ಯಾಸ್ ಯಾವತ್ತು ಮುಗಿಯುತ್ತೆ, ನಿಮ್ಮ ಮಾವನ ಮಾತ್ರೆ ಎಷ್ಟಿದೆ, ಬೀರು ಬೀಗದ ಕೈ ಎಲ್ಲಿದೆ. ನಾನು ಮಲಗಿದ್ರೆ ಅವಳು ಎದ್ದು ನಿಲ್ತಾಳೆ."

ದೊಡ್ಡೋಳು ಎಂದರೆ ಹಿರಿಯ ಸೊಸೆ, ಲ್ಯಾಬಕ್ಕನ ಓರಗಿತ್ತಿ. ಅತ್ತೆ ಮತ್ತು ಅವಳು ಸಂಜೆ ಹೊತ್ತು ಅಡುಗೆಮನೆಯಲ್ಲಿ ಗುಸುಗುಸು ಮಾಡುವುದನ್ನು ಲ್ಯಾಬಕ್ಕ ವರ್ಷಗಟ್ಟಲೆ ಕಂಡಿದ್ದಳು. ತನ್ನ ಮೇಲೆ ನಂಬಿಕೆಯಿಲ್ಲ, ಅದಕ್ಕೇ ತನ್ನನ್ನು ದೂರ ಇಟ್ಟಿದ್ದಾರೆ ಎಂದುಕೊಂಡು ಒಳಗೊಳಗೇ ಬೆಂದಿದ್ದಳು. ಇವತ್ತು ಬಾಯಿಬಿಟ್ಟು ಕೇಳಿದಳು.

"ನನಗ್ಯಾಕೆ ಯಾವತ್ತೂ ಹೇಳ್ಲಿಲ್ಲ ಅತ್ತೆ?"

ಅತ್ತೆ ಅಂಗಿಯ ತೋಳು ಮಡಿಸುತ್ತಲೇ ಇದ್ದರು. "ಹೇಳಿದ್ರೆ ನೀನು ಇಲ್ಲೇ ಕೂತುಬಿಡ್ತಿದ್ದೆ. ಅವಳಿಗೆ ಮನೆ ನಡೆಸೋದು ಅಂದ್ರೆ ಇಷ್ಟ, ಕೇಳೇ ಒಪ್ಪಿಸಿದ್ದು. ನಿನ್ನ ಮನಸ್ಸೆಲ್ಲ ಆ ಮಷೀನುಗಳ ಮೇಲಿತ್ತು. ಮನೆ ಭಾರ ಹೊರಿಸಿ ನಿನ್ನ ಕಾಲು ಕಟ್ಟೋದು ಬೇಡ ಅನ್ನಿಸ್ತು."

ಇಷ್ಟು ವರ್ಷ ಸುಮ್ಮಸುಮ್ಮನೆ ಮುನಿಸಿಕೊಂಡಿದ್ದಕ್ಕೆ ಲ್ಯಾಬಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು, ಆಮೇಲೆ ಎದೆ ಹಗುರಾಯಿತು. ಕೀಬೋರ್ಡನ್ನು ಹತ್ತಿರಕ್ಕೆಳೆದುಕೊಂಡಳು.

ಭಾನುವಾರ ಸಂಜೆಯ ಹೊತ್ತಿಗೆ ಕಂಪ್ಯೂಟರಿನೊಳಗೆ ಐದನೆಯ ಮಷೀನು ಹುಟ್ಟಿತ್ತು. ಅದರ ಹೆಸರು ‘ಓರಗಿತ್ತಿ’. ಅತ್ತೆ ಬರೆದುಕೊಳ್ಳುವ ಪ್ರತಿಯೊಂದು ಸಾಲೂ ಆ ಕ್ಷಣವೇ ಓರಗಿತ್ತಿಯ ಬಳಿಯೂ ದಾಖಲಾಗುತ್ತಿತ್ತು. ಎರಡೆರಡು ಸೆಕೆಂಡಿಗೆ ಓರಗಿತ್ತಿ ‘ಇದ್ದೀರಾ?’ ಎಂದು ಅತ್ತೆಯನ್ನು ವಿಚಾರಿಸುತ್ತಿದ್ದಳು. ಮೂರು ಸಲ ಉತ್ತರ ಬರದಿದ್ದರೆ ಯಜಮಾನಿಕೆ ಅವಳದು.

ಸೋಮವಾರ ಮುಖ್ಯಸ್ಥರು ಪೀಠಿಕೆ ಹಾಕಲಿಲ್ಲ. ಕೆಲಸ ನೂರಕ್ಕೆ ನಲವತ್ತೊಂದು ಪಾಲು ಮುಗಿದಿತ್ತು. ಅವರೇ ಕೈಚಾಚಿ ಅತ್ತೆಯನ್ನು ಆಫ್ ಮಾಡಿದರು. ಸೊಸೆಯರು ಕೈಕಟ್ಟಿ ಕೂತರು. ಎರಡು ಸೆಕೆಂಡು, ನಾಲ್ಕು ಸೆಕೆಂಡು. ಲ್ಯಾಬಕ್ಕ ಎಣಿಸುತ್ತಲೇ ಇದ್ದಳು. ಆರು ಕಳೆದು ಏಳಾಯಿತು. ಪರದೆಯ ಮೇಲೆ ಓರಗಿತ್ತಿಯ ಹೆಸರು ಮೂಡಿತು. ನಲವತ್ತೊಂದು ನಲವತ್ತೆರಡಾಯಿತು.

ಮುಖ್ಯಸ್ಥರು ಅಷ್ಟಕ್ಕೇ ಬಿಡುವವರೇ? ಅತ್ತೆಯನ್ನು ಎಬ್ಬಿಸಿ, ಮತ್ತೆ ಕೆಡವಿ, ಮೂರು ಸಲ ಪರೀಕ್ಷೆ ಮಾಡಿದರು. ಮೂರು ಸಲವೂ ಕೆಲಸ ನಿಲ್ಲಲಿಲ್ಲ. ಕೊನೆಗೆ ಫೋನೆತ್ತಿ ಕಂಪನಿಯವರಿಗೆ ಇವತ್ತು ಬರುವುದು ಬೇಡವೆಂದರು.

"ಪೆಟ್ಟಿಗೆ ಬಿಚ್ಚಿ," ಎಂದರು ಅವಳ ಕಡೆ ತಿರುಗಿ.

ಲ್ಯಾಬಕ್ಕ ಕಾರಿಡಾರಿಗೆ ಬಂದು, ಪೆಟ್ಟಿಗೆಗಳ ಸಾಲಿಗೆ ಒರಗಿ ನಿಂತು ಮನೆಗೆ ಫೋನ್ ಮಾಡಿದಳು. ಯಾವಾಗಲೂ ಎತ್ತುವವರು ಅತ್ತೆ. ಈಗ ಎತ್ತಿದವಳು ಓರಗಿತ್ತಿ. ಅತ್ತೆ ಎಲ್ಲಿ ಎಂದು ಕೇಳಿದಳು.

"ನೀನು ಹೊರಟ ಹಿಂದೆನೇ ಬಸ್ಸು ಹತ್ತಿ ತಮ್ಮ ತಂಗಿ ಮನೆಗೆ ಹೋದ್ರು, ನಾಲ್ಕು ದಿನಕ್ಕೆ. ನಿನ್ನ ವಿಷಯ ತಿಳ್ಕೊಂಡು ಹೋಗಿ ಅಂದೆ. ‘ಅವಳದು ಓಡೇ ಓಡುತ್ತೆ, ಅದಕ್ಕೆ ಕಾದು ಕೂರೋದೇನಿದೆ’ ಅಂದ್ರು."

ಲ್ಯಾಬಕ್ಕನ ಕಣ್ಣು ತುಂಬಿ ಬಂತು. ಹುಡುಗರು ಓಡಾಡುತ್ತಿದ್ದ ಜಾಗ, ಆದರೂ ಅವಳು ಮುಖ ಮರೆಸಿಕೊಳ್ಳಲಿಲ್ಲ.

"ಓಡ್ತಾ?" ಎಂದಳು ಓರಗಿತ್ತಿ.

"ಓಡ್ತು ಅಕ್ಕಾ. ಅಲ್ಲಿ?"

"ಇಲ್ಲೂ ಓಡ್ತಾ ಇದೆ," ಎಂದಳು ಓರಗಿತ್ತಿ. ಅವಳ ದನಿಯಲ್ಲಿ ಅಂಥ ಗತ್ತನ್ನು ಲ್ಯಾಬಕ್ಕ ಹಿಂದೆಂದೂ ಕೇಳಿರಲಿಲ್ಲ.