ಅಪ್ಪನಿಗೆ ಬಡಿಸಿದ ಎಲೆ

ರಘುನಾಥರ ಹೆಸರು ಕೇಳಿದರೆ ಈಗಲೂ ನನ್ನ ಮೈ ಉರಿಯುತ್ತದೆ. ಪರದೇಶದ ಈ ಎಟೋಬಿಕೋಕಿನ ನಮ್ಮ ಕಾಂಡೋ ಕಟ್ಟಡದಲ್ಲಿ ಅವರದು ಪಕ್ಕದ ಮನೆ. ಮೈಸೂರಿನವರು, ಕನ್ನಡ ಸಂಘದಲ್ಲಿ ದೊಡ್ಡ ಕುಳ. ಜೂನ್‌ನಲ್ಲಿ ಎರಿನ್ ಮಿಲ್ಸ್‌ನ ಒಂದು ಹಾಲಿನಲ್ಲಿ ‘ಜಗತ್ತಿನ ವಿಚಿತ್ರ ಊಟಗಳು’ ಎಂದು ಒಂದು ಗಂಟೆ ಸ್ಲೈಡು ತೋರಿಸಿದ್ದರು. ಪ್ಯಾರಿಸ್ಸಿನಲ್ಲಿ ಬಸವನಹುಳು, ಬ್ಯಾಂಕಾಕಿನಲ್ಲಿ ಹುರಿದ ಮಿಡತೆ, ಐಸ್‌ಲ್ಯಾಂಡಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿದ ಶಾರ್ಕು. ಎಲ್ಲದರ ಮುಂದೆಯೂ ಫೋರ್ಕ್ ಹಿಡಿದು ಹಲ್ಲುಕಿರಿದು ಕೂತ ಇವರು. "ಮೂಗು ಮುಚ್ಕೊಂಡ್ರೆ ಪ್ರಪಂಚ ನೋಡಕ್ಕಾಗಲ್ಲ" ಎಂದಾಗ ಜನ ಚಪ್ಪಾಳೆ ತಟ್ಟಿದರು. ದಡ್ಡಿ, ನಾನೂ ತಟ್ಟಿದ್ದೆ.

ಆಟಿ ತಿಂಗಳಲ್ಲಿ, ಅಂದರೆ ಇಲ್ಲಿನ ಜುಲೈ ಆಗಸ್ಟಿನಲ್ಲಿ, ಸತ್ತವರಿಗೆ ಬಡಿಸುವುದು ನಮ್ಮ ತುಳುವರ ಮನೆಯ ಕ್ರಮ. ಅವರಿಗೆ ಇಷ್ಟವಾದದ್ದನ್ನು ಮಾಡಿ, ಎಲೆಗೆ ಬಡಿಸಿ, ದೀಪ ಇಟ್ಟು, ಬಾಗಿಲು ಮುಚ್ಚಿ ನಾವು ಹೊರಗೆ ನಿಲ್ಲುತ್ತೇವೆ. ಅವರು ಉಣ್ಣುವುದನ್ನು ಯಾರೂ ನೋಡಬಾರದು. ನಡುವೆ ಬಾಗಿಲು ತೆರೆದರೆ ಅರ್ಧ ಊಟಕ್ಕೇ ಎದ್ದು ಹೋಗುತ್ತಾರೆ, ಮುಂದಿನ ಆಟಿಯವರೆಗೂ ಹಸಿದಿರುತ್ತಾರೆ. ನಾನು ಇದನ್ನು ಎಷ್ಟು ನಂಬುತ್ತೇನೋ ಗೊತ್ತಿಲ್ಲ. ನನ್ನ ಅಮ್ಮ ಕೊರಪ್ಪೊಳು ಪೂರ್ತಿ ನಂಬುತ್ತಾಳೆ.

ಅಪ್ಪ ತುಕ್ರ ತೀರಿಕೊಂಡು ಎರಡು ವರ್ಷ. ಹೋದ ಆಟಿಯಲ್ಲಿ ಅಮ್ಮ ಆಸ್ಪತ್ರೆಯಲ್ಲಿದ್ದಳು, ಬಡಿಸಲು ಆಗಲಿಲ್ಲ. ವರ್ಷವಿಡೀ ಮೊದಲ ತುತ್ತು ಎತ್ತುವಾಗ ಅವಳ ಕೈ ಅರೆಕ್ಷಣ ನಿಲ್ಲುತ್ತಿತ್ತು. ಗಂಡ ಹಸಿದಿರುವಾಗ ತಾನು ಉಣ್ಣುತ್ತಿದ್ದೇನೆ ಎಂಬ ಸಂಕಟ.

ಆಗಸ್ಟಿನ ಮೊದಲ ಶನಿವಾರ ಬೆಳಗ್ಗೆಯೇ ಅಮ್ಮ ಕೋಳಿ ಸಾರು ಮಾಡಿ, ಗರಿಗರಿ ರೊಟ್ಟಿ ತೆಗೆದಿಟ್ಟು, ಅಪ್ಪನಿಗೆ ಪ್ರಾಣವಾಗಿದ್ದ ಒಣ ಸಿಗಡಿ ಚಟ್ನಿಗೆ ಕೈ ಹಾಕಿದಳು. ಸಿಗಡಿ ಹುರಿಯುವ ಮೊದಲು ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿದಳು. ಎಕ್ಸಾಸ್ಟ್ ಫ್ಯಾನ್ ಹಾಕಿದಳು. ಕಿಟಕಿ ತೆರೆದಳು. "ಯಾರಿಗೂ ಉಪದ್ರ ಆಗ್ಬಾರ್ದು ಮಗಾ" ಎಂದಳು. ಈ ದೇಶಕ್ಕೆ ಬಂದಾಗಿನಿಂದ ನಾವು ಕಳ್ಳರ ಹಾಗೆ ಮೀನು ಹುರಿದವರು.

ಮನೆಯಲ್ಲಿ ಇರುವುದು ಒಂದೇ ಹಾಲು, ಅದರಲ್ಲೇ ಅಡುಗೆಮನೆ. ಅಲ್ಲೇ ನೆಲದ ಮೇಲೆ ಎಲೆ ಹಾಕಿ ಬಡಿಸಿ, ಪಕ್ಕದಲ್ಲಿ ಒಂದು ಲೋಟ ಬ್ರಾಂಡಿ ಇಟ್ಟು, ನಾವಿಬ್ಬರೂ ಕಾರಿಡಾರಿಗೆ ಬಂದು ಬಾಗಿಲು ಎಳೆದುಕೊಂಡೆವು. ಅಮ್ಮ ತಲೆಗೆ ಸೆರಗು ಹೊದ್ದು, ಕಣ್ಣು ಮುಚ್ಚಿ ಕೈ ಮುಗಿದಳು.

ಎರಡು ನಿಮಿಷವೂ ಆಗಿರಲಿಲ್ಲ. ಲಿಫ್ಟಿನಿಂದ ರಘುನಾಥ ಇಳಿದರು, ಜೊತೆಗೆ ಕೆಳಗಿನ ಸೆಕ್ಯುರಿಟಿಯವನು.

"ಏನ್ರೀ ಕ್ಷಮಾ ಇದು, ಫ್ಲೋರ್ ಪೂರ್ತಿ ನಾರ್ತಾ ಇದೆ! ಏನೋ ಸತ್ತಿರೋ ಹಾಗಿದೆ ಅಂತ ಕಂಪ್ಲೇಂಟ್ ಮಾಡಿದೀನಿ."

"ಸಾರ್, ಒಳಗೆ ಅಪ್ಪನಿಗೆ ಬಡಿಸಿದ್ದೇವೆ. ಹತ್ತು ನಿಮಿಷ ಬಾಗಿಲು ತೆರೆಯುವ ಹಾಗಿಲ್ಲ."

ಸೆಕ್ಯುರಿಟಿಯವನು ಅಮ್ಮನ ಮುಗಿದ ಕೈ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. "ನೋ ಪ್ರಾಬ್ಲಮ್, ಐ ಕ್ಯಾನ್ ವೇಟ್" ಎಂದ.

ಇವರು ಸರಿಯಲಿಲ್ಲ. "ನಿಮ್ಮಪ್ಪ ತೀರ್ಕೊಂಡಿಲ್ವೇನ್ರೀ? ಸ್ಟವ್ ಆನ್ ಇದ್ರೆ ಏನ್ ಗತಿ?" ಎನ್ನುತ್ತ ಅಮ್ಮನ ಭುಜದ ಪಕ್ಕದಿಂದ ಕೈ ಚಾಚಿ ಬಾಗಿಲು ತಳ್ಳಿಯೇಬಿಟ್ಟರು.

ಕಿಟಕಿಯ ಗಾಳಿ ನುಗ್ಗಿ ದೀಪ ಆರಿತು.

ಅಮ್ಮ ಕಣ್ಣು ತೆರೆದಳು. "ಎದ್ದು ಹೋದ್ರು" ಎಂದಳು. ಅಳಲಿಲ್ಲ. ಗೋಡೆಗೆ ಒರಗಿ ಹಾಗೇ ಕುಸಿದು ಕೂತಳು.

ರಘುನಾಥರ ಕಣ್ಣು ಎಲೆಯ ಮೇಲಿತ್ತು. "ಓ, ಇದು ರಿಚುವಲ್ಲಾ! ಮೊದ್ಲೇ ಹೇಳ್ಬಾರ್ದಾ? ವೆರಿ ಇಂಟರೆಸ್ಟಿಂಗ್ ಕಣ್ರೀ, ಮುಂದಿನ ಟಾಕಿಗೆ ಒಂದು ಸ್ಲೈಡ್ ಮಾಡ್ಬೋದು" ಎಂದು ಫೋನ್ ಎತ್ತಿ ಹಿಡಿದರು.

ಆ ಫೋನಿಗೂ ಎಲೆಗೂ ನಡುವೆ ನಿಂತೆ. "ಕೊಳೆತ ಶಾರ್ಕಿಗೆ ಫೋರ್ಕ್ ಹಾಕುವಾಗ ನಿಮ್ಮ ಮೂಗು ಎಲ್ಲಿತ್ತು? ಅವರದ್ದು ಕಲ್ಚರು, ನಮ್ಮದು ನಾತವಾ? ನನ್ನ ಅಪ್ಪ ನಿಮ್ಮ ಸ್ಲೈಡಲ್ಲ. ಹೊರಗೆ ಹೋಗಿ!" ನನ್ನ ದನಿ ಕಾರಿಡಾರಿನ ಕೊನೆಯವರೆಗೂ ಕೇಳಿರಬೇಕು. ಕೇಳಲಿ. ಅವರು ಏನೋ ಗೊಣಗುತ್ತ ತಮ್ಮ ಮನೆ ಸೇರಿಕೊಂಡರು. ಸೆಕ್ಯುರಿಟಿಯವನು ಅಮ್ಮನಿಗೆ "ಸಾರಿ" ಎಂದು ಲಿಫ್ಟ್ ಹತ್ತಿದ.

"ಏಳಮ್ಮ. ಪುನಃ ಬಡಿಸುವ."

"ಒಮ್ಮೆ ಎದ್ದವರು ಕರೆದ್ರೆ ಬರ್ತಾರಾ ಮಗಾ?"

"ಊರಲ್ಲಿ ನೀನು ಸಿಗಡಿ ಹುರಿದರೆ ಅಪ್ಪ ಗದ್ದೆಯಾಚೆಯಿಂದ ಓಡಿ ಬರ್ತಿದ್ದರು ಅಂತ ನೀನೇ ಹೇಳಿದ್ದಲ್ವಾ?"

ಅಮ್ಮ ಎದ್ದು, ಸೆರಗು ಸಿಕ್ಕಿಸಿ, ಸಿಗಡಿಯ ಪ್ಯಾಕೆಟ್ಟನ್ನು ಪೂರ್ತಿ ಬಾಣಲೆಗೆ ಸುರಿದಳು. ಒದ್ದೆ ಟವೆಲ್ಲನ್ನು ನಾನು ಬಚ್ಚಲಿಗೆ ಎಸೆದೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮುಂಬಾಗಿಲನ್ನು ಅಗಲಕ್ಕೆ ತೆರೆದಿಟ್ಟೆ. ಘಾಟು ಕಾರಿಡಾರು ತುಂಬಿ ಲಿಫ್ಟಿನವರೆಗೂ ಹೋಯಿತು.

ಹೊಸ ಎಲೆಗೆ ಬಡಿಸಿ, ದೀಪ ಹಚ್ಚಿ, ಈ ಸಲ ಒಂದು ಕುರ್ಚಿಯನ್ನೂ ಹೊರಗೆ ತಂದು ಬಾಗಿಲು ಹಾಕಿದೆವು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.

ಪಕ್ಕದ ಬಾಗಿಲು ಒಂದು ಬೆರಳಷ್ಟು ತೆರೆಯಿತು.

"ಮೂಗು ಮುಚ್ಚಿಕೊಳ್ಳಿ ರಘುನಾಥರೇ" ಎಂದೆ. "ಅಪ್ಪ ಊಟ ಮಾಡ್ತಿದ್ದಾರೆ."